ಹೂದಾನಿಯ ತಳದ ಹೆಸರು

ದಾವಣಗೆರೆ ಸ್ಟೇಷನ್ನಿನ ಮುಂದೆ ಜಟಕಾ ನಿಲ್ಲಿಸುತ್ತಿದ್ದ ಉಚ್ಚೆಂಗಪ್ಪನ ಕುದುರೆ ಪಾರಿ ಹುಲ್ಲು ತಿಂದು ಓಡುತ್ತಿತ್ತೋ, ಅವನ ಮಾತು ತಿಂದು ಓಡುತ್ತಿತ್ತೋ ಹೇಳುವುದು ಕಷ್ಟ. ಸ್ಟೇಷನ್ನಿನಿಂದ ಹತ್ತಿ ಮಿಲ್ಲಿನ ಗೇಟು ಮುಟ್ಟುವಷ್ಟರಲ್ಲಿ ಅವನು ಒಂದು ಹುಲಿ ಹೊಡೆದು, ಚರ್ಮ ಸುಲಿದು, ಪಾಪ ಅನ್ನಿಸಿ ಮತ್ತೆ ಹೊಲಿದು ಕಾಡಿಗೆ ಕಳಿಸಿರುತ್ತಿದ್ದ. ತುಂಗಭದ್ರೆ ತುಂಬಿ ಬಂದ ವರ್ಷ ಪಾರಿ ಜಟಕಾ ಸಮೇತ ಈಜಿ ಆಚೆ ದಡ ಸೇರಿತಂತೆ, ಒಳಗೆ ಕೂತಿದ್ದ ಸಾಹುಕಾರರ ಬಾಯಲ್ಲಿದ್ದ ಬೀಡಿ ಆರಿರಲಿಲ್ಲವಂತೆ. ಕೇಳಿದವರು ಯಾರೂ ನಂಬುತ್ತಿರಲಿಲ್ಲ. ಆದರೆ ಬೇರೆ ಜಟಕಾ ಹತ್ತುತ್ತಲೂ ಇರಲಿಲ್ಲ.

ಭದ್ರಾ ನಾಲೆಗೆ ಹೊಸದಾಗಿ ನೀರು ಬಿಟ್ಟು, ಭಾನುವಳ್ಳಿ ಕಡೆಯ ರೈತರು ಜೋಳದ ಮಾತು ಬಿಟ್ಟು ಭತ್ತದ ಮಾತಾಡುತ್ತಿದ್ದ ಕಾಲ ಅದು. ಉಚ್ಚೆಂಗಪ್ಪನ ಅಕ್ಕ ತಿಮ್ಮವ್ವ ತನ್ನ ಮಗಳು ಅಂಜಿನವ್ವನನ್ನು ಭಾನುವಳ್ಳಿಯ ಚೌಡವ್ವನ ಮಗ ಸಣ್ಣಬೀರಪ್ಪನಿಗೆ ಕೊಟ್ಟಳು. ತಿಮ್ಮವ್ವನಿಗೆ ಗಂಡ ಇರಲಿಲ್ಲ. ಹುಡುಗಿಗೆ ಅಪ್ಪನ ಜಾಗದಲ್ಲಿ ನಿಂತವನು ಸೋದರಮಾವನೇ.

ಸೋದರಮಾವ ಮದುವೆಗೆ ಹಿತ್ತಾಳೆ ಕೊಡ ಕೊಡುವುದು ರೂಢಿ. ಕೊಟ್ಟವರ ಹೆಸರನ್ನು ಕೊಡದ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆಸಿರುತ್ತಾರೆ. ಎಷ್ಟು ವರ್ಷವಾದರೂ ಆ ಮನೆಯಲ್ಲಿ ನೀರು ತುಂಬುವಾಗಲೆಲ್ಲ 'ಇದು ಮಾವ ಕೊಟ್ಟಿದ್ದು' ಎಂದು ಬೆರಳಿಗೆ ತಾಗುತ್ತದೆ. ಪಾತ್ರೆಯ ಮೇಲೆ ಕೊಟ್ಟವರದಲ್ಲದೆ ಇನ್ನೊಬ್ಬರ ಹೆಸರಿದ್ದರೆ ಅದು ಬೇಡಿ ತಂದದ್ದು, ಇಲ್ಲವೇ ಎತ್ತಿ ತಂದದ್ದು. ಮೂರನೆಯ ಅರ್ಥ ಆ ಸೀಮೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆದರೆ ಎಲ್ಲರೂ ಕೊಡುವ ಕೊಡವನ್ನೇ ಕೊಟ್ಟರೆ ಅವನು ಉಚ್ಚೆಂಗಪ್ಪ ಹೇಗಾದಾನು? ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ಗಾಜಿನ ಸಾಮಾನು ಮಾರುವ ಗಿಡ್ಡಪ್ಪನ ಬಳಿ ಅವನು ಒಂದು ಹೂದಾನಿ ಕಂಡ. ಮೊಳಕ್ಕಿಂತ ತುಸು ಗಿಡ್ಡ, ಬಸುರಿಯಂಥ ಹೊಟ್ಟೆ, ಕೊಕ್ಕರೆಯಂಥ ಕತ್ತು. ಹಸಿರು ಗಾಜಿನೊಳಗೆ ಕೆಂಪು ಎಳೆ, ನೀಲಿ ಎಳೆ ಸುತ್ತಿಕೊಳ್ಳುತ್ತಾ ಮೇಲಕ್ಕೆ ಹೋಗಿದ್ದವು. ಬಿಸಿಲಿಗೆ ಹಿಡಿದರೆ ಮುಂಗೈ ಮೇಲೆ ಬಳೆ ತೊಟ್ಟ ಹಾಗೆ ಬಣ್ಣ ಬೀಳುತ್ತಿತ್ತು.

"ಜಪಾನ್ ಮಾಲು ಉಚ್ಚೆಂಗಣ್ಣ," ಅಂದ ಗಿಡ್ಡಪ್ಪ.

ಅಷ್ಟೇ ಸಾಕಾಯಿತು. ಗಿಡ್ಡಪ್ಪ ಬಿತ್ತಿದ್ದು ಒಂದೇ ಕಾಳು. ಉಚ್ಚೆಂಗಪ್ಪ ದಾವಣಗೆರೆ ಮುಟ್ಟುವುದರೊಳಗೆ ಅದು ತೆನೆಯಾಗಿತ್ತು. ಮದುವೆಯ ಚಪ್ಪರದಲ್ಲಿ ಹೂದಾನಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ಅವನು ಹೇಳಿದ: "ಜಪಾನಿನ ದೊಡ್ಡ ಸಾಹುಕಾರ ಮಗಳ ಮದ್ವಿಗೆ ಎರಡು ಮಾಡಿಸ್ದ. ಒಂದು ಮಗಳಿಗೆ ಹೋತು. ಇದು ಹಡಗಿನ್ಯಾಗೆ ಬೊಂಬಾಯಿಗೆ ಬರ್ತಿತ್ತು. ಹಡಗು ಮುಳುಗ್ತು, ಇದು ತೇಲ್ತು. ನೋಡ್ರಿ ಬೇಕಾದ್ರೆ, ತಳದಾಗೆ ಜಪಾನ್ ಅಕ್ಷರ ಐತೆ." ತಳದಲ್ಲಿ ನಿಜಕ್ಕೂ ಕೂದಲೆಳೆಯಂಥ ಗೀಚು ಇತ್ತು. ಇರುವೆ ಸಾಲು ದಾರಿ ತಪ್ಪಿದ ಹಾಗೆ.

ಒಬ್ಬ ಮುದುಕ ಕೇಳಿದ: "ಇದ್ರಾಗೆ ಏನು ಹಾಕ್ತಾರೋ?"

"ಹೂವು."

"ಮುಡಿಯಾಕೆ ತಲೆ ಐತೆ, ಏರ್ಸಾಕೆ ದೇವರೈತೆ. ಗಾಜಿನ ಬಾಯಾಗೆ ಯಾಕ ತುರುಕ್ತಾರೆ?"

"ಅಲ್ಲಿ ಹೂವು ಜಾಸ್ತಿ ಬಿಡ್ತಾವೆ ತಾತ. ಮುಡಿಯಾಕೆ ತಲೆ ಸಾಲಲ್ಲ."

ಚಪ್ಪರವೆಲ್ಲ ನಕ್ಕಿತು. ಚೌಡವ್ವ ಮಾತ್ರ ನಗಲಿಲ್ಲ. ಅವಳು ಗಟ್ಟಿ ಹೆಂಗಸು. ಗಂಡ ಸತ್ತ ಮೇಲೆ ಹೊಲ, ಎತ್ತು, ಮಗ ಮೂರನ್ನೂ ಒಬ್ಬಳೇ ನಿಭಾಯಿಸಿದವಳು. ಅವಳು ನಗಬೇಕಾದರೆ ಮೊದಲು ಲೆಕ್ಕ ಸರಿಯಾಗಬೇಕಿತ್ತು.

ಮದುವೆ ಮುಗಿದು ಹುಡುಗಿ ತವರಲ್ಲಿದ್ದಳು. ಅವಳನ್ನು ಮನೆ ತುಂಬಿಸಿಕೊಳ್ಳುವ ಮುಂಚೆ ಪಾತ್ರೆಗಳು ಹೋಗಬೇಕು. ಉಚ್ಚೆಂಗಪ್ಪನೇ ಎಲ್ಲವನ್ನೂ ಜಟಕಾದಲ್ಲಿ ಹೇರಿಕೊಂಡು ಭಾನುವಳ್ಳಿಗೆ ಹೋದ. ಚೌಡವ್ವನ ಪಡಸಾಲೆಯಲ್ಲಿ ಕಂಬಳಿ ಹಾಸಿ ಪಾತ್ರೆ ಜೋಡಿಸಿದರು. ನೆಂಟರು ಸುತ್ತ ಕೂತರು. ಸಣ್ಣಬೀರಪ್ಪ ಒಂದೊಂದನ್ನೇ ಎತ್ತಿ ಹೆಸರು ಓದಿದ. ಯಾರ ಚರಿಗೆ, ಯಾರ ಕೊಳಗ, ಯಾರ ತಟ್ಟೆ ಎಂದು ಎಲ್ಲರಿಗೂ ಗೊತ್ತಾಯಿತು. ಕೊನೆಗೆ ಹೂದಾನಿ ಬಂತು. ತಿರುವಿ ಮುರುವಿ ನೋಡಿದ ಸಣ್ಣಬೀರಪ್ಪ, "ಇದು ನನಗೆ ಬರಲ್ಲವ್ವ, ಜಪಾನು," ಅಂದ.

ಬಾಗಿಲಲ್ಲಿ ಆ ಊರಿನ ಲಾಳ ಕಟ್ಟುವ ಸಾಹೇಬರು ನಿಂತಿದ್ದರು. ಪಾರಿಯ ಹಿಂಗಾಲಿನ ಲಾಳ ಸಡಿಲಾಗಿತ್ತೆಂದು ಉಚ್ಚೆಂಗಪ್ಪನೇ ಕರೆಸಿದ್ದ. ಅವರು ಕೈಚಾಚಿ ಹೂದಾನಿ ತೆಗೆದುಕೊಂಡು ಕಣ್ಣು ಕಿರಿದು ಮಾಡಿದರು.

"ಜಪಾನಲ್ಲ ಇದು. ಉರ್ದು. ದಿಲ್ಷಾದ್ ಅಂತ ಬರ್ದೈತೆ. ಹೆಣ್ಮಗಳ ಹೆಸರು."

ನೆಂಟರೆಲ್ಲ ಸೋದರಮಾವನ ಕಡೆ ತಿರುಗಿದರು. ಉಚ್ಚೆಂಗಪ್ಪನ ಬಾಯಿ ತೆರೆದಿತ್ತು, ಆದರೆ ಅದರೊಳಗಿಂದ ಏನೂ ಬರಲಿಲ್ಲ. ಪಾರಿಯನ್ನು ಕೇಳಿದರೂ ಹೇಳುತ್ತಿತ್ತು, ಅಂಥದ್ದು ಹಿಂದೆ ಎಂದೂ ನಡೆದಿರಲಿಲ್ಲ.

"ಬೀಗ್ರೇ," ಅಂದಳು ಚೌಡವ್ವ ನಿಧಾನವಾಗಿ, "ನಿಮ್ಮನ್ಯಾಗೆ ದಿಲ್ಷಾದ್ ಅಂಬೋರು ಯಾರದಾರೆ?"

"ಯಾರೂ ಇಲ್ಲ ಅಕ್ಕಾರೆ. ನಾನು ಕೊಂಡ್ಕಂಡು ತಂದಿದ್ದು, ದೇವರಾಣೆ."

"ನಾನೇನು ನಿಮ್ಮನ್ನ ಕಳ್ಳ ಅಂದೀನಾ? ಇನ್ನೊಬ್ರ ಹೆಸರಿನ ಸಾಮಾನು ನನ್ ಮನ್ಯಾಗೆ ಇಟ್ಕೊಂಡೆ ಅನ್ರಿ. ನಾಳೆ ಆಕಿ ಬಂದು ಬಾಗ್ಲಾಗೆ ನಿಂತು ನಂದು ಕೊಡು ಅಂದ್ರೆ ಊರು ಯಾರ ಮುಖ ನೋಡ್ತೈತೆ? ಆಕಿ ಯಾರು, ಹೆಸರು ಯಾಕ ಐತೆ, ತಿಳ್ಕಂಡ್ ಬರ್ರಿ. ಅಲ್ಲಿವರ್ಗೂ ಹುಡುಗಿ ತವರ್ನಾಗೇ ಇರ್ಲಿ. ನಮ್ಮ ಕಡೆಯಿಂದ ಕರಿಯಾಕೆ ಯಾರೂ ಬರಲ್ಲ."

ಹೂದಾನಿ ಮತ್ತೆ ಉಚ್ಚೆಂಗಪ್ಪನ ಕಂಕುಳಿಗೆ ಬಂತು.

ಎಲ್ಲಕ್ಕಿಂತ ಕೆಟ್ಟದ್ದು ಪಂಚಾಂಗ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಅದು ಕಳೆದರೆ ಆಷಾಢ. ಆಷಾಢದಲ್ಲಿ ಹೊಸ ಸೊಸೆಯನ್ನು ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ. ಶ್ರಾವಣದ ತನಕ ಅಂಜಿನವ್ವ ತವರಲ್ಲಿ ಕೂತರೆ, ಓಣಿಯ ಹೆಂಗಸರು ಅವಳ ಬಗ್ಗೆ ಹೇಳುವ ಕಥೆಗಳ ಮುಂದೆ ಉಚ್ಚೆಂಗಪ್ಪನ ಕಥೆಗಳು ಏನೂ ಅಲ್ಲ.

ಮರುದಿನ ಅವನು ಅಕ್ಕನ ಮನೆಗೆ ಹೋದಾಗ ತಿಮ್ಮವ್ವ ಅವನ ಮುಖ ನೋಡಲಿಲ್ಲ. ಒಲೆಯ ಕಡೆಗೇ ಹೇಳಿದಳು: "ಒಂದು ಕೊಡ ಕೊಟ್ಟಿದ್ರೆ ಸಾಕಿತ್ತಲ್ಲೋ ತಮ್ಮ. ಎಲ್ರೂ ಕೊಡೋ ಕೊಡ."

ಅಂಜಿನವ್ವ ಬಟ್ಟೆಗಂಟು ಕಟ್ಟಿ ಮೂಲೆಯಲ್ಲಿ ಇಟ್ಟಿದ್ದಳು. ಅದನ್ನು ಬಿಚ್ಚಿರಲಿಲ್ಲ. "ಮಾವ, ಈ ಸಲನಾದ್ರೂ ಏನೂ ಸೇರ್ಸಬ್ಯಾಡ," ಅಂದಳು. "ಇದ್ದಂಗೆ ಹೇಳು."

ಉಚ್ಚೆಂಗಪ್ಪ ಕೂತರೆ ನಿಲ್ಲಬೇಕೆನ್ನಿಸುತ್ತಿತ್ತು, ನಿಂತರೆ ನಡೆಯಬೇಕೆನ್ನಿಸುತ್ತಿತ್ತು. ಕೊಟ್ಟ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಜಟಕಾ ಹತ್ತಿದ. ಗಿರಾಕಿಗಳು ಕೂಗಿದರೂ ನಿಲ್ಲಿಸಲಿಲ್ಲ. ಒಬ್ಬರು ಹೇಗೋ ಓಡಿ ಬಂದು ಹತ್ತಿಬಿಟ್ಟರು. ಅವರು ಹೋಗಬೇಕಾಗಿದ್ದು ಆಸ್ಪತ್ರೆಗೆ, ಇಳಿದದ್ದು ಪಾತ್ರೆ ಬಜಾರಿನಲ್ಲಿ.

ಪಾತ್ರೆ ಬಜಾರಿನಲ್ಲಿ ಮುಮ್ತಾಜ್ ಸಾಹೇಬರು ಒಂದು ಅಂಗಡಿಯ ಕಟ್ಟೆ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹೊಡೆಯುತ್ತಿದ್ದರು. ಸಣ್ಣ ಉಳಿ, ಸಣ್ಣ ಸುತ್ತಿಗೆ. ಆ ಊರಿನ ಅರ್ಧ ಅಡಿಗೆಮನೆಗಳ ಮೇಲೆ ಅವರ ಕೈಬರಹ ಇತ್ತು. ಪಾತ್ರೆಯ ಮೇಲಿನ ಹೆಸರಿನ ವಿಷಯ ಅವರಿಗೆ ಗೊತ್ತಿಲ್ಲದಿದ್ದರೆ ಇನ್ನು ಯಾರಿಗೂ ಗೊತ್ತಿಲ್ಲ.

ಅವರು ಹೂದಾನಿಯನ್ನು ಬೋರಲು ಹಾಕಿ ಬೆರಳಾಡಿಸಿದರು. "ದಿಲ್ಷಾದ್. ಸರಿಯಾಗೇ ಓದಿದಾರೆ. ಆದ್ರೆ ಉಚ್ಚೆಂಗಣ್ಣ, ಇದು ಕೊಟ್ಟೋರ ಹೆಸರಲ್ಲ."

"ಹೆಂಗೆ ಹೇಳ್ತೀರಿ?"

"ಕೊಟ್ಟೋರು ಎಲ್ಲಿ ಹಾಕಿಸ್ತಾರೆ? ಕಂಠದ ಮ್ಯಾಲೆ. ನಾಕು ಜನ ನೋಡ್ಲಿ ಅಂತ. ಇನ್ನೂ ದೊಡ್ಡದಾಗಿ ಹೊಡೀರಿ ಸಾಹೇಬ್ರೆ ಅಂತ ಜೀವ ತಿಂತಾರೆ. ಇದು ನೋಡು, ತಳದಾಗೆ ಮುಚ್ಚಿಟ್ಟಂಗೆ ಐತೆ. ಇದನ್ನ ಬರೆದೋರಿಗೆ ನೋಡ್ಲಿ ಅಂತಿಲ್ಲ, ಇದ್ರೆ ಸಾಕು ಅಂತೈತೆ."

"ಹಂಗಾದ್ರೆ ಯಾರ್ದು? ಮಾಡಿದೋರ್ದಾ?"

ಮುಮ್ತಾಜ್ ಸಾಹೇಬರು ನಕ್ಕರು. "ಮಾಡಿದೋರು ಹೆಸರು ಹಾಕ್ತಾರೇನೋ? ಕುಂಬಾರ ಮಡಿಕೆ ಮ್ಯಾಲೆ ಹಾಕ್ತಾನಾ? ನೇಕಾರ ಸೀರೆ ಮ್ಯಾಲೆ ಹಾಕ್ತಾನಾ? ನಾನು ಇಷ್ಟು ವರ್ಷದಿಂದ ಹೆಸರು ಹೊಡೀತಿದೀನಿ, ಒಂದರ ಮ್ಯಾಲಾದ್ರೂ..." ಕೈಯಲ್ಲಿದ್ದ ಉಳಿಯನ್ನು ಒಂದು ಸಲ ನೋಡಿದರು. "ಕೊಂಡ ಜಾಗಕ್ಕೆ ಹೋಗಿ ಕೇಳು," ಎಂದು ಹೂದಾನಿ ಹಿಂದಕ್ಕೆ ಕೊಟ್ಟರು.

ಹರಿಹರದ ದಾರಿಯಲ್ಲಿ ಮೋಡ ಕವಿದಿತ್ತು, ಮಳೆ ಬರುತ್ತಿರಲಿಲ್ಲ. ಗಾಳಿ ಧೂಳೆಬ್ಬಿಸಿ ಪಾರಿಯ ಕಣ್ಣಿಗೆ ಹಾಕುತ್ತಿತ್ತು. ಉಚ್ಚೆಂಗಪ್ಪ ಹೂದಾನಿಯನ್ನು ತೊಡೆಗಳ ನಡುವೆ ಕೂರಿಸಿಕೊಂಡಿದ್ದ. ಹಳ್ಳ ಬಂದಾಗಲೆಲ್ಲ ಲಗಾಮು ಬಿಟ್ಟು ಅದನ್ನು ಹಿಡಿದುಕೊಳ್ಳುತ್ತಿದ್ದ. ಒಡೆದು ಹೋದರೆ ಪೀಡೆ ಕಳೆಯಿತು ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ ಹೊಳೆಯಿತು, ಒಡೆದರೆ ಕಳ್ಳ ಗುರುತು ಅಳಿಸಿದ ಅಂತಾರೆ. ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

ಗಿಡ್ಡಪ್ಪ ತಳ್ಳುಗಾಡಿಯಲ್ಲಿ ಲೋಟಗಳನ್ನು ಒರೆಸುತ್ತಿದ್ದ.

"ಇದು ಎಲ್ಲಿಂದ ಬಂತು, ಇದ್ದಂಗೆ ಹೇಳು," ಅಂದ ಉಚ್ಚೆಂಗಪ್ಪ.

"ಅವತ್ತೇ ಹೇಳಿದ್ನಲ್ಲ. ಜಪಾನು."

"ಜಪಾನ್‌ನಾಗೆ ಉರ್ದು ಬರೀತಾರೇನು?"

"ಅಲ್ಲೂ ಸಾಬ್ರು ಇರ್ತಾರೆ. ನೀನೇನು ಹೋಗಿ ನೋಡೀಯಾ?"

ಉಚ್ಚೆಂಗಪ್ಪನಿಗೆ ತನ್ನದೇ ಬಾಯಿ ಎದುರಿಗೆ ಬಂದು ನಿಂತು ಮಾತಾಡಿದ ಹಾಗಾಯಿತು. ಇಂಥ ಉತ್ತರವನ್ನು ಅವನು ಎಷ್ಟು ಜನಕ್ಕೆ ಕೊಟ್ಟಿರಲಿಲ್ಲ? ಅಷ್ಟರಲ್ಲಿ ಹಿಂದೆ ಏನೋ ಸರಸರ ಅಂದಿತು. ಪಾರಿ ಕತ್ತು ಚಾಚಿ ತಳ್ಳುಗಾಡಿಯ ಕೆಳಗಿದ್ದ ಬುಟ್ಟಿಗೆ ಬಾಯಿ ಹಾಕಿತ್ತು. ಗಾಜಿನ ಸಾಮಾನು ತಾಗಿ ಒಡೆಯದಿರಲೆಂದು ಬುಟ್ಟಿಯಲ್ಲಿ ಹುಲ್ಲು ತುಂಬಿದ್ದರು. ಪಾರಿ ಅದನ್ನು ಹಬ್ಬದೂಟದ ಹಾಗೆ ಮೆಲ್ಲುತ್ತಿತ್ತು.

ಉಚ್ಚೆಂಗಪ್ಪ ಒಂದು ಹಿಡಿ ಹುಲ್ಲು ಎತ್ತಿ ಮೂಸಿದ. "ಗಿಡ್ಡಪ್ಪ, ನನ್ ಕುದ್ರೆ ಹಳೇ ಹುಲ್ಲು ಮುಟ್ಟಲ್ಲ. ಇದು ಮೊನ್ನೆ ಕೊಯ್ದ ಬೇಸಿಗೆ ಭತ್ತದ ಹುಲ್ಲು. ಹಡಗಿನ್ಯಾಗೆ ಬಂದಿದ್ರೆ ಇಷ್ಟೊತ್ತಿಗೆ ಗೊಬ್ಬರ ಆಗಿರ್ತಿತ್ತು. ಜಪಾನ್‌ಗೂ ಭದ್ರಾ ನಾಲೆ ನೀರು ಬಿಟ್ಟಾರೇನು?"

ಗಿಡ್ಡಪ್ಪ ಆಚೆ ಈಚೆ ನೋಡಿದ. "ಮೆಲ್ಲಗೆ ಮಾತಾಡೋ ಮಾರಾಯ. ಹರಿಹರದ್ದು ಅಂದ್ರೆ ಯಾರು ಕೊಂಡ್ಕತಾರೆ? ಸೇತುವೆಯಿಂದ ಕೆಳಕ್ಕೆ ಹೋಗು. ಇಟ್ಟಿಗೆ ಗೂಡು ದಾಟಿದ ಮ್ಯಾಲೆ ಒಂದು ಹೊಗೆ ಕಾಣ್ತೈತೆ. ಅದೇ ಜಪಾನು."

ಇಟ್ಟಿಗೆ ಗೂಡು ದಾಟಿ, ಹೊಳೆಯ ದಂಡೆಯ ಜಾಲಿ ಮರಗಳ ಸಂದಿಯಲ್ಲಿ ತಗಡಿನ ಚಪ್ಪರವೊಂದಿತ್ತು. ಚಪ್ಪರದ ಹೊರಗೆ ಒಡೆದ ಸೋಡಾ ಬಾಟಲಿಗಳ ಗುಡ್ಡೆ. ಅದರ ಪಕ್ಕ ಒಡೆದ ಬಳೆಗಳ ಗುಡ್ಡೆಗಳು, ಕೆಂಪು ಬೇರೆ, ನೀಲಿ ಬೇರೆ. ಒಳಗೆ ಮಣ್ಣಿನ ಕುಲುಮೆ ಬುಸುಗುಡುತ್ತಿತ್ತು. ಅದರ ಬಾಯಿಗೆ ಎದುರಾಗಿ ಐವತ್ತು ದಾಟಿದ ಹೆಂಗಸೊಬ್ಬಳು, ಸೆರಗು ತಲೆಗೆ ಬಿಗಿದು, ಆಳುದ್ದದ ಕಬ್ಬಿಣದ ಕೊಳವೆ ಹಿಡಿದು ಕೂತಿದ್ದಳು. ಕೆನ್ನೆಗಳು ಖಾಲಿ ಚೀಲದ ಹಾಗೆ ಜೋತಿದ್ದವು.

"ದಿಲ್ಷಾದ್ ಅಂದ್ರೆ ನೀವೇನಾ ಅಮ್ಮಾ?"

"ದಿಲ್ಷಾದ್ ಬೇಗಂ. ಯಾಕ?"

ಅವನು ಹೂದಾನಿ ತೋರಿಸಿದ. ಅವಳು ಎದ್ದು ಬಂದು ತಳ ನೋಡಲೇ ಇಲ್ಲ. ಕತ್ತು ನೋಡಿದಳು. "ಸ್ವಲ್ಪ ವಾಲೈತೆ. ಅವತ್ತು ಬಿರುಗಾಳಿ ಇತ್ತು, ಉರಿ ಒಂದೇ ಕಡೆ ಹೊಡೀತಿತ್ತು. ಒಡೆದಿಲ್ಲವಲ್ಲ? ಮತ್ತೆ ಯಾಕ ತಂದೆ?"

ಉಚ್ಚೆಂಗಪ್ಪ ನಿಂತಲ್ಲಿ ನಿಲ್ಲಲಾರದೆ ಚಪ್ಪರದ ಉದ್ದಕ್ಕೂ ಓಡಾಡುತ್ತ ಎಲ್ಲ ಹೇಳಿದ. ಅವಳ ಅಪ್ಪ ಬೊಂಬಾಯಿ ಕಡೆ ಲಾಟೀನಿನ ಗಾಜು ಊದುವ ಕಾರ್ಖಾನೆಯಲ್ಲಿದ್ದವರು, ಮುಪ್ಪಿನಲ್ಲಿ ಬಂದು ಈ ಕುಲುಮೆ ಕಟ್ಟಿದರು, ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೆ ಕಲಿಸಿದರು ಎಂದು ಅವಳು ಹೇಳಿದಳು.

"ಅದೆಲ್ಲ ಸರಿ, ಹೆಸರು ಯಾಕ ಬರೆದ್ರಿ? ಆ ಹೆಸರಿನಿಂದ ನಮ್ಮ ಹುಡುಗಿ ಮನೆ ಸೇರದಂಗೆ ಆಗೈತೆ."

ದಿಲ್ಷಾದ್ ಬೇಗಂ ಕೊಳವೆಯನ್ನು ಗೋಡೆಗೆ ಒರಗಿಸಿದಳು. "ನೋಡಪ್ಪಾ, ಗಿಡ್ಡಪ್ಪ ಇದನ್ನ ಜಪಾನ್ ಅಂತಾನೆ. ಹುಬ್ಬಳ್ಳಿಯಾಗೆ ಮಾರೋನು ಬೊಂಬಾಯಿ ಅಂತಾನೆ. ಉರೀ ಮುಂದೆ ಬೇಯೋಳು ನಾನು, ಉಸಿರು ನಂದು, ಊರು ಮಾತ್ರ ಯಾವ್ದೋ. ಬಾಯಿ ಬಿಟ್ಟು ಹೇಳಿದ್ರೆ ಮಾಲು ಹೋಗಲ್ಲ. ಅದ್ಕೆ ತಳದಾಗೆ ಬರೀತೀನಿ. ಆ ಗಾಜಿಗಾದ್ರೂ ಗೊತ್ತಿರ್ಲಿ ಅಂತ."

ಉಚ್ಚೆಂಗಪ್ಪನ ತಲೆ ಓಡತೊಡಗಿತು. ಇವಳು ಭಾನುವಳ್ಳಿಗೆ ಬಂದು ಹೇಳಿದರೆ ಕಳ್ಳತನದ ಮಾತು ಹೋಗುತ್ತದೆ. ಆದರೆ ಸಾಹುಕಾರ, ಹಡಗು, ತೇಲಿ ಬಂದದ್ದು? ಎರಡನ್ನೂ ಉಳಿಸಿಕೊಳ್ಳುವ ದಾರಿ ಅವನಿಗೆ ಕಂಡೇಬಿಟ್ಟಿತು.

"ಅಮ್ಮಾ, ನನ್ ಜಟಕಾದಾಗೆ ಬರ್ರಿ. ಇದು ನಾನೇ ಮಾಡಿದ್ದು ಅನ್ರಿ. ಆದ್ರೆ... ಜಪಾನ್‌ನಾಗೆ ಇದ್ದಾಗ ಮಾಡಿದ್ದು ಅನ್ರಿ."

"ನಾನು ಯಾವಾಗ ಹೋಗಿದ್ದೆ?"

"ಹೋಗಿ ಬಂದ್ರಿ ಅನ್ನಣ. ದಾರಿ ಎಲ್ಲಾ ನಾನು ಹೇಳ್ಕೊಡ್ತೀನಿ."

ದಿಲ್ಷಾದ್ ಬೇಗಂ ನಕ್ಕಳು. ಜೋತ ಕೆನ್ನೆಗಳೆಲ್ಲ ಕುಣಿದವು. "ಸುಳ್ಳೇ ಉಳೀಬಾರ್ದು ಅಂತಾನೇ ಹೆಸರು ಬರ್ದಿದ್ದು, ಅದ್ರ ಮ್ಯಾಲೆ ಕೂತು ಸುಳ್ಳು ಹೇಳು ಅಂತೀಯಲ್ಲ. ಮತ್ತೆ ನಾನು ಎಲ್ಲೂ ಬರಾಂಗಿಲ್ಲ. ಈ ಉರಿ ಆರಿದ್ರೆ ಒಳಗಿನ ಗಾಜು ಕಲ್ಲಾಗಿ ಕುಡಿಕೆ ಸೀಳ್ತೈತೆ. ನಿಮ್ಮ ಬೀಗ್ತೀನೇ ಕರ್ಕೊಂಡ್ ಬಾ."

ಉಚ್ಚೆಂಗಪ್ಪ ಭಾನುವಳ್ಳಿಗೆ ಹೋಗಿ ಕರೆದ. ಚೌಡವ್ವ ಸುಲಭವಾಗಿ ಬರುವವಳಲ್ಲ. "ಕದ್ದೋಳ ಮನೀಗೆ ನಾನು ಹೋಗ್ಬೇಕಾ, ಕಳಕೊಂಡೋಳ ಮನೀಗಾ?" ಎಂದು ಕೇಳಿದಳು.

"ಎರಡೂ ಅಲ್ಲ ಅಕ್ಕಾರೆ. ಮಾಡಿದೋಳ ಮನೀಗೆ."

"ಮಾಡಿದೋಳಾ? ಹೆಂಗಸು ಗಾಜು ಮಾಡ್ತಾಳಾ? ಇದೂ ಹಡಗಿನ್ಯಾಗೇ ಬಂತಾ?"

ಕೊನೆಗೆ ಸಣ್ಣಬೀರಪ್ಪನೇ, "ನೋಡ್ಕಂಡಾದ್ರೂ ಬರನ ಬಾರವ್ವ. ನಾಡಿದ್ದು ಅಮಾಸೆ," ಎಂದು ಚಪ್ಪಲಿ ಮೆಟ್ಟಿದ. ಮದುವೆಯಾದ ಮೇಲೆ ಅವನು ತಾಯಿಯ ಎದುರು ಆಡಿದ ಮೊದಲ ಮಾತು ಅದೇ ಇರಬೇಕು. ಚೌಡವ್ವ ಮಗನನ್ನು ಮೇಲಿಂದ ಕೆಳಗೆ ನೋಡಿ ಜಟಕಾ ಹತ್ತಿದಳು.

ಭಾನುವಳ್ಳಿಯಿಂದ ಹರಿಹರದ ತನಕ ಉಚ್ಚೆಂಗಪ್ಪ ತುಟಿ ಬಿಚ್ಚಲಿಲ್ಲ. ಇದ್ದಂಗೆ ಹೇಳು ಎಂದಿದ್ದಳು ಅಂಜಿನವ್ವ. ಇದ್ದಂತೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಒಂದೂ ಮಾತು ಕೇಳದ ಪಾರಿ, ಮಾಲೀಕ ಬಿದ್ದು ಹೋದನೋ ಏನೋ ಎಂದು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿತ್ತು.

ಕುಲುಮೆಯ ಮುಂದೆ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಅಳೆದರು.

"ಬಾರಮ್ಮಾ, ಕೂಡ್ರು," ಅಂದಳು ದಿಲ್ಷಾದ್ ಬೇಗಂ.

"ಕೂಡ್ರಾಕೆ ಬಂದಿಲ್ಲ. ಹೆಸರು ನಂದು ಅಂತ ಯಾರ್ ಬೇಕಾದ್ರೂ ಅನ್ನಬೌದು. ಈ ಬೀಗರು ದಾರಿ ಹೇಳ್ಕೊಡಾದ್ರಾಗೆ ಗಟ್ಟಿಗರು."

ದಿಲ್ಷಾದ್ ಬೇಗಂ ಉಚ್ಚೆಂಗಪ್ಪನ ಕಡೆ ಒಂದು ಸಲ ನೋಡಿದಳು. ಅವನು ಆಕಾಶ ನೋಡಿದ. ಅವಳು ಕಬ್ಬಿಣದ ಊದುಗೊಳವೆಯನ್ನು ಕುಲುಮೆಯ ಬಾಯಿಗೆ ಇಟ್ಟು ತಿರುವಿದಳು. ತುದಿಗೆ ಬೆಲ್ಲದ ಪಾಕದಂತೆ ಕೆಂಡದ ಬಣ್ಣದ ಗಾಜು ಹತ್ತಿಕೊಂಡು ಬಂತು. ಕಲ್ಲಿನ ಮೇಲೆ ಹರಡಿದ್ದ ಬಳೆ ಚೂರುಗಳ ಮೇಲೆ ಅದನ್ನು ಹೊರಳಿಸಿದಳು. ಚೂರುಗಳು ಕಚ್ಚಿಕೊಂಡವು. ಮತ್ತೆ ಉರಿಗೆ ಹಿಡಿದು, ಬಾಯಿಟ್ಟು ಊದಿದಳು. ಗಾಜಿಗೆ ಹೊಟ್ಟೆ ಬಂತು. ತಿರುವಿದಳು, ಬಳೆಯ ಬಣ್ಣ ಎಳೆಯೆಳೆಯಾಗಿ ಸುತ್ತಿಕೊಂಡಿತು. ತೂಗಿದಳು, ಕತ್ತು ಬೆಳೆಯಿತು. ತಳಕ್ಕೆ ಇನ್ನೊಂದು ಕಡ್ಡಿ ಅಂಟಿಸಿ, ಬಾಯಿ ಬಿಡಿಸಿ, ಕಡ್ಡಿಯನ್ನು ಟಕ್ಕೆಂದು ಮುರಿದಳು. ತಳದಲ್ಲಿ ಸಣ್ಣ ಗಾಯದಂಥ ಗುರುತು ಉಳಿಯಿತು.

"ಇದು ಹೊಕ್ಕುಳ," ಅಂದಳು. "ಇದ್ರ ಪಕ್ಕಕ್ಕೇ ನಾನು ಹೆಸರು ಬರೆಯಾದು."

ಸಣ್ಣಬೀರಪ್ಪ ಹಳೆಯ ಹೂದಾನಿಯನ್ನು ತಿರುವಿದ. ಅದೇ ಹೊಕ್ಕುಳ, ಅದರ ಪಕ್ಕ ಅದೇ ಗೀಚು.

ಉಚ್ಚೆಂಗಪ್ಪ ಉಸಿರು ಬಿಟ್ಟ. ಮುಗಿಯಿತು ಅಂದುಕೊಂಡ. ಚೌಡವ್ವ ಮಾತ್ರ ಸೊಂಟದ ಮೇಲಿನ ಕೈ ತೆಗೆಯಲಿಲ್ಲ.

"ಮಾಡಿದ್ದು ನೀನೇ, ಒಪ್ಕಂಡೆ. ಆದ್ರೂ ಹೆಸರು ಯಾಕ? ನಾನು ಹುಟ್ಟಿದಾಗಿಂದ ರೊಟ್ಟಿ ಬಡಿದೀನಿ. ಒಂದರ ಮ್ಯಾಲಾದ್ರೂ ಚೌಡವ್ವ ಅಂತ ಬರ್ಕಂಡೀನಾ? ಕೊಟ್ಟೋರ ಹೆಸರು ಇರ್ಬೇಕು, ಋಣ ಅದು. ಮಾಡಿದೋರ ಹೆಸರು ಯಾರಿಗೆ ಬೇಕು? ನಾಳೆ ನಮ್ಮ ನೆಂಟ್ರು ಎತ್ತಿ ನೋಡಿದ್ರೆ ನಾನು ಕುಲುಮೆ ಕಥೆ ಹೇಳ್ತಾ ಕೂಡ್ರಬೇಕಾ?"

ಇದಕ್ಕೆ ಉಚ್ಚೆಂಗಪ್ಪನ ಹತ್ತಿರ ಹುಲಿಯೂ ಇರಲಿಲ್ಲ, ಹಡಗೂ ಇರಲಿಲ್ಲ. ಅಂಜಿನವ್ವನ ಬಿಚ್ಚದ ಬಟ್ಟೆಗಂಟು ಕಣ್ಣಿಗೆ ಕಟ್ಟಿತು.

ದಿಲ್ಷಾದ್ ಬೇಗಂ ವಾದ ಮಾಡಲಿಲ್ಲ. ಕೊಳವೆಯ ತುದಿಗೆ ಮತ್ತೊಂದು ಸಲ ಗಾಜು ತೆಗೆದು, ಇನ್ನೊಂದು ತುದಿಯನ್ನು ಸೆರಗಿನಿಂದ ಒರೆಸಿ ಚೌಡವ್ವನ ಕಡೆ ಚಾಚಿದಳು. "ಊದ್ತೀಯಾ?"

"ಊದಾದು ನನಗೆ ಕಲಿಸ್ತೀಯಾ? ಹಸಿ ಸೌದೆ ಒಲೆ ಮುಂದೆ ಹಣ್ಣಾದೋಳು ನಾನು."

"ಅದ್ಕೇ ಕೇಳಿದ್ದು."

ಚೌಡವ್ವ ಸೆರಗು ಬಿಗಿದು ಕೊಳವೆಗೆ ಬಾಯಿಟ್ಟಳು. ದಿಲ್ಷಾದ್ ಬೇಗಂ ತಿರುವುತ್ತಿದ್ದಳು. ಮೊದಲ ಉಸಿರಿಗೆ ಏನೂ ಆಗಲಿಲ್ಲ. "ಹೊಗೆ ಓಡ್ಸೋ ಹಂಗೆ ಅಲ್ಲಮ್ಮಾ, ಕೆಂಡ ಎಬ್ಬಿಸೋ ಹಂಗೆ. ನಿಧಾನಕ್ಕೆ." ಎರಡನೆಯ ಸಲ ಕೆಂಪು ಮುದ್ದೆ ಅಲ್ಲಾಡಿತು. ಅದರ ನಡುವೆ ಒಂದು ಕಾಳಿನಷ್ಟು ಖಾಲಿ ಜಾಗ ಹುಟ್ಟಿ, ಕಣ್ಣೆದುರೇ ದೊಡ್ಡದಾಯಿತು. ಚೌಡವ್ವನ ಕಣ್ಣುಗಳೂ ಅದರ ಜೊತೆಗೇ ದೊಡ್ಡವಾದವು. ಅವಳು ನಿಲ್ಲಿಸಲಿಲ್ಲ. ಮುದ್ದೆ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಮುನಿಸಿಕೊಂಡಿತು. ಕೊನೆಗೆ ಅದು ಹೂದಾನಿಯೂ ಆಗದೆ, ಲೋಟವೂ ಆಗದೆ, ಬೀಜಕ್ಕೆ ಬಿಟ್ಟ ಬದನೆಕಾಯಿಯ ಹಾಗೆ ಆಯಿತು.

ದಿಲ್ಷಾದ್ ಬೇಗಂ ಅದಕ್ಕೆ ತಳ ತಟ್ಟಿ, ಬಾಯಿ ಬಿಡಿಸಿ, ಬಿಸಿ ಬೂದಿಯ ಮೇಲೆ ಇಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಚೌಡವ್ವ ಎಲ್ಲರಿಗಿಂತ ಹೆಚ್ಚು ಬಗ್ಗಿದ್ದಳು.

"ಒಳಗೆ ಖಾಲಿ ಐತಲ್ಲ, ಅದೇನು?"

"ನಿನ್ನ ಉಸಿರು."

ಗಾಜಿನ ಕೆಂಪು ಇಳಿಯುತ್ತ ಹಸಿರು ಏರುತ್ತಿತ್ತು. ದಿಲ್ಷಾದ್ ಬೇಗಂ ಅದನ್ನು ಬೂದಿಯಲ್ಲಿ ಹೂತಿಡಲು ಸಲಿಕೆ ತೆಗೆದುಕೊಂಡಾಗ ಚೌಡವ್ವ ಅವಳ ಕೈ ಹಿಡಿದಳು.

"ತಡಿ. ಇದು ಯಾರ್ದು ಅಂತ ಹೆಂಗೆ ಗೊತ್ತಾಗ್ತೈತೆ? ಬೂದ್ಯಾಗೆ ನಿನ್ನವೂ ಅದಾವೆ."

"ಗೊತ್ತಾಗ್ತೈತೆ ಬಿಡಮ್ಮಾ. ಇಷ್ಟು ಸೊಟ್ಟ ನನ್ ಕೈಯಾಗೆ ಬರಲ್ಲ."

"ಸೊಟ್ಟನೋ ನೆಟ್ಟಗೋ. ನಂದು. ಹೆಸರು ಹಾಕು."

ಹೇಳಿದ ಮೇಲೆ ಅವಳ ಮಾತು ಅವಳಿಗೇ ಕೇಳಿಸಿತು. ಸಣ್ಣಬೀರಪ್ಪ ತಲೆ ತಗ್ಗಿಸಿ ಮೀಸೆಯೊಳಗೆ ನಕ್ಕ. ಉಚ್ಚೆಂಗಪ್ಪ ನಗಲಿಲ್ಲ. ಬದುಕಿನಲ್ಲಿ ಒಂದು ಸಲವಾದರೂ ಸುಮ್ಮನಿರಬೇಕಾದ ಹೊತ್ತು ಯಾವುದೆಂದು ಅವನಿಗೆ ಗೊತ್ತಾಯಿತು.

ಚೌಡವ್ವ ಮಗನ ಕೈಯಿಂದ ಹಳೆಯ ಹೂದಾನಿ ತೆಗೆದುಕೊಂಡು ತಳದ ಗೀಚಿನ ಮೇಲೆ ಹೆಬ್ಬೆರಳಾಡಿಸಿದಳು. ಸೆರಗಿನಿಂದ ಒರೆಸಿದಳು. ಉಚ್ಚೆಂಗಪ್ಪನಿಗೆ ಕೊಡದೆ ತನ್ನ ಕಂಕುಳಲ್ಲೇ ಇಟ್ಟುಕೊಂಡಳು.

"ಬಿಸೀ ಗಾಜಿನ ಮ್ಯಾಲೆ ಬರೆಯಾಕೆ ಬರಲ್ಲ," ಅಂದಳು ದಿಲ್ಷಾದ್ ಬೇಗಂ. "ಬೂದ್ಯಾಗೆ ಆರ್ಬೇಕು. ನಾಳೆ ಬರ್ದು ಇಟ್ಟಿರ್ತೀನಿ. ಆದ್ರೆ ನಂಗೆ ಉರ್ದು ಅಷ್ಟೇ ಬರಾದು."

"ನಂಗೆ ಯಾವುದೂ ಬರಲ್ಲ. ಯಾವುದ್ರಾಗಾದ್ರೂ ಹಾಕು." ಚೌಡವ್ವ ಜಟಕಾದ ಕಡೆ ತಿರುಗಿದಳು. "ಸಣ್ಣಬೀರ, ನಾಳೆ ಬೆಳಿಗ್ಗೆ ಹೆಂಗಸ್ರನ್ನ ಕರ್ಕಂಡು ದಾವಣಗೆರೆಗೆ ಹೋಗು. ಹುಡುಗೀನ ಕರ್ಕಂಡ್ ಬಾ. ಬರ್ತಾ ಇಲ್ಲಿ ಇಳ್ದು ನಂದು ತಗಂಡ್ ಬಾ. ಜೋಪಾನ."

"ಯಾವುದು ಜೋಪಾನವ್ವ, ಹುಡುಗಿನಾ, ಗಾಜಾ?"

"ಎರಡೂನು. ಹಲ್ಲು ಕಿರೀಬ್ಯಾಡ."

ಜಟಕಾ ಹತ್ತಿ ಕೂತ ಮೇಲೆ ಅವಳು ಕೇಳಿದಳು: "ಬೀಗ್ರೇ, ಹಂಗಾದ್ರೆ ಜಪಾನು?"

ಲಗಾಮು ಹಿಡಿದ ಉಚ್ಚೆಂಗಪ್ಪ ಇದ್ದದ್ದನ್ನೇ ಹೇಳಬೇಕೆಂದು ಬಾಯಿ ತೆರೆದ. "ಅದು ಇಟ್ಟಿಗೆ ಗೂಡಿನ ಹಿಂದೇನೇ ಐತೆ ಅಂತ ನಂಗೂ ಮೊನ್ನೇನೇ ಗೊತ್ತಾಗಿದ್ದು ಅಕ್ಕಾರೆ."

ಚೌಡವ್ವನ ಲೆಕ್ಕ ಸರಿಯಾಗಿರಬೇಕು. ನಕ್ಕಳು. ಪಾರಿಯ ಕಿವಿ ನೆಟ್ಟಗಾದವು.

ಅಮಾವಾಸ್ಯೆಯ ಹಿಂದಿನ ದಿನ ಅಂಜಿನವ್ವ ಭಾನುವಳ್ಳಿಯ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದಳು. ಮಗಳ ಜೊತೆ ಬಂದಿದ್ದ ತಿಮ್ಮವ್ವ ಕಣ್ಣೊರೆಸಿಕೊಂಡು ತಮ್ಮನಿಗೆ ತಾನೇ ಕಾಫಿ ತಂದು ಕೊಟ್ಟಳು. ಅವನು ಕೂತು, ಪೂರ್ತಿ ಕುಡಿದ. ಪಡಸಾಲೆಯ ಗೂಡಿನಲ್ಲಿ ಹೂದಾನಿ ನಿಂತಿತ್ತು. ಅದರಲ್ಲಿ ಕಣಗಲೆ ಹೂವು. ಅದರ ಪಕ್ಕ ಸೊಟ್ಟ ಬದನೆಕಾಯಿಯನ್ನು ಮಲಗಿಸಿ ಇಟ್ಟಿದ್ದರು, ತಳ ಹೊರಗೆ ಕಾಣುವ ಹಾಗೆ. ಬಂದವರೆಲ್ಲ ಇದೇನು ಎಂದು ಕೇಳುತ್ತಿದ್ದರು. ಲಾಳದ ಸಾಹೇಬರನ್ನು ಮತ್ತೆ ಕರೆಸಲಾಗಿತ್ತು. ಅವರು ಕೇಳಿದವರಿಗೆಲ್ಲ ಓದಿ ಹೇಳುತ್ತಿದ್ದರು: "ಚೌಡವ್ವ, ಭಾನುವಳ್ಳಿ."

ಊಟದ ಪಂಕ್ತಿಯಲ್ಲಿ ಉಚ್ಚೆಂಗಪ್ಪನ ನಾಲಿಗೆ ತನ್ನ ಮನೆಗೆ ವಾಪಸು ಬಂದಿತ್ತು. "ಅಕ್ಕಾರು ಒಂದು ಸಲ ಉಸಿರು ಎಳಕಂಡ್ರು ನೋಡ್ರಿ, ಕುಲುಮೆ ಉರಿ ಇವರ ಕಡೆ ಬಗ್ಗಿತು. ಬಿಟ್ಟ ರಭಸಕ್ಕೆ ಹರಿಹರದ ಸೇತುವೆ ಮ್ಯಾಲೆ ಹೋಗ್ತಿದ್ದ ರೈಲು ಗಕ್ಕಂತ ನಿಂತ್ಕಂತು."

ಪಂಕ್ತಿಯೆಲ್ಲ ಚೌಡವ್ವನ ಕಡೆ ತಿರುಗಿತು. ಅವಳು ಹೋಳಿಗೆ ಬಡಿಸುತ್ತಿದ್ದಳು. ಬಗ್ಗಿದವಳು ಏಳದೆಯೇ ಹೇಳಿದಳು:

"ನಿಂತ್ಕಣಲಿಲ್ಲ ಬೀಗ್ರೇ. ಸ್ವಲ್ಪ ಹಿಂದಕ್ಕೆ ಹೋತು."